ದೊಡ್ಡ ಸೊಸೆ ಒಳ್ಳೆಯವಳಾ, ನಾಟಕದವಳಾ?

ಓದುಗರ ಪ್ರಶ್ನೆ: ನಾನು ದಾವಣಗೆರೆಯವಳು. ನಿವೃತ್ತ ಶಿಕ್ಷಕಿ, ವಯಸ್ಸು 61. ರಾತ್ರಿ ಎಂಟಕ್ಕೆ ಬರುವ ಒಂದು ಧಾರಾವಾಹಿಯನ್ನು ಎರಡು ವರ್ಷದಿಂದ ಬಿಡದೆ ನೋಡುತ್ತಿದ್ದೇನೆ. ಅದರಲ್ಲಿ ದೊಡ್ಡ ಸೊಸೆ ಗಂಡನ ಸಾಲದ ವಿಷಯ ಮುಚ್ಚಿಟ್ಟು, ಅತ್ತೆ ಕೊಟ್ಟ ಬಳೆ ಗಿರವಿ ಇಟ್ಟಳು. ಕೇಳಿದರೆ ‘ಲಾಕರಿನಲ್ಲಿವೆ’ ಎಂದಳು. ಆಮೇಲೆ ಮನೆ ಪತ್ರಕ್ಕೆ ಅತ್ತೆಯ ಸಹಿ ಹಾಕಿಸಿಕೊಂಡಳು. ಮನೆ ಉಳಿಸಲಿಕ್ಕೋ, ತನ್ನ ಹೆಸರಿಗೆ ಮಾಡಿಕೊಳ್ಳಲಿಕ್ಕೋ, ಇನ್ನೂ ತೋರಿಸಿಲ್ಲ. ಯುಗಾದಿ ಹಬ್ಬದ ಸಂಚಿಕೆಯಲ್ಲಿ ಎಲ್ಲರೂ ಮಲಗಿದ ಮೇಲೆ ಕನ್ನಡಿ ಮುಂದೆ ನಿಂತು ಒಂಥರಾ ನಕ್ಕಳು. ಅವತ್ತೇ ನನಗೆ ಖಾತ್ರಿಯಾಯಿತು, ಇವಳದು ಬರೀ ನಾಟಕ ಅಂತ. ಚಿತ್ರದುರ್ಗದಲ್ಲಿರುವ ನನ್ನ ಅಕ್ಕ ಒಪ್ಪುವುದಿಲ್ಲ. ‘ಮನೆ ಮರ್ಯಾದೆ ಉಳಿಸೋಕೆ ಅವಳು ಅಷ್ಟು ಒದ್ದಾಡ್ತಿದ್ದಾಳೆ, ನಿನಗೆ ಕಾಣಲ್ವಾ’ ಅನ್ನುತ್ತಾಳೆ. ಅಕ್ಕನಿಗೆ ಮುಚ್ಚಿಡುವವರ ಕಡೆ ಮೊದಲಿಂದಲೂ ಒಲವು, ಅಮ್ಮನ ಸರದ ವಿಷಯದಲ್ಲೂ ಹಾಗೇ ಮಾಡಿದ್ದಳು. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಮಾತಿಗೆ ಮಾತು ಬೆಳೆದು ಈಗ ಮೂರು ವಾರದಿಂದ ಫೋನೂ ಇಲ್ಲ. ಇನ್ನೊಂದು ವಿಷಯ. ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನ ಸೊಸೆ ಈಚೆಗೆ ಎಂಟು ಗಂಟೆಯಾದರೆ ರೂಮಿನ ಬಾಗಿಲು ಹಾಕಿಕೊಳ್ಳುತ್ತಾಳೆ. ಪಕ್ಕದ ಮನೆಯ ಹುಡುಗಿಯಂತೂ ಆ ನಟಿಗೇ ಬೈದು ಮೆಸೇಜು ಹಾಕಿದ್ದಾಳೆ. ನೀವು ಧಾರಾವಾಹಿಗೆ ಬರೆದವರು. ಅವಳು ಒಳ್ಳೆಯವಳಾ, ಕೆಟ್ಟವಳಾ ಎಂದು ನಿಜ ಹೇಳಿ. ಟಿಆರ್‌ಪಿಗೋಸ್ಕರ ಪಾತ್ರ ಬದಲಾಯಿಸುತ್ತೀರಂತೆ, ಹೌದಾ? ಒಂದು ಸೀರಿಯಲ್ಲಿಗೆ ಇಷ್ಟು ತಲೆ ಕೆಡಿಸಿಕೊಂಡಿದ್ದೇವಲ್ಲ, ನಮಗೇನಾಗಿದೆ?

ಉತ್ತರ:

ಮೇಡಂ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಕತೆ ಬರೆಯುವವಳ ಕಣ್ಣಿನಿಂದ ಓದಿದೆ. ಬಳೆ, ಸಹಿ, ಕನ್ನಡಿ, ಎಲ್ಲವನ್ನೂ ನೀವು ಎಷ್ಟು ಚೆನ್ನಾಗಿ ನೆನಪಿಟ್ಟಿದ್ದೀರಿ ಎಂದು ಖುಷಿಯಾಯಿತು. ಎರಡನೇ ಸಲ ಓದುವಾಗ ಅಮ್ಮನ ಸರದ ಸಾಲು ಬಂದಲ್ಲಿ ನಿಂತುಬಿಟ್ಟೆ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಹನ್ನೊಂದು ವರ್ಷ ಬೆಂಗಳೂರಿನಲ್ಲಿ ದಿನದ ಧಾರಾವಾಹಿಗಳಿಗೆ ಚಿತ್ರಕಥೆ, ಸಂಭಾಷಣೆ ಬರೆದಿದ್ದೇನೆ. ನೀವು ಹೇಳಿದ ಧಾರಾವಾಹಿಗೆ ಬರೆದಿಲ್ಲ. ಆದರೆ ಇಂಥ ದೊಡ್ಡ ಸೊಸೆಯರನ್ನು ಬರೆದಿದ್ದೇನೆ. ಹಾಗಾಗಿ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ. ಅವಳ ಮನಸ್ಸಿನಲ್ಲಿ ಏನಿದೆ ಎಂದು ಬರೆಯುವವರಿಗೂ ಇನ್ನೂ ಗೊತ್ತಿಲ್ಲದೆ ಇರಬಹುದು. ನೀವಿಬ್ಬರೂ ಜಗಳ ಆಡುತ್ತಿರುವ ಪ್ರಶ್ನೆಗೆ ಉತ್ತರ ಇನ್ನೂ ಹುಟ್ಟಿಯೇ ಇಲ್ಲದಿರಬಹುದು.

ನೋಡುವವರು ಹೀಗೆ ಅಂದುಕೊಂಡಿರುತ್ತಾರೆ: ಬರೆಯುವವರ ಹತ್ತಿರ ಕತೆ ಪೂರ್ತಿ ಇದೆ, ದಿನಕ್ಕಿಷ್ಟು ಅಂತ ಬಡಿಸುತ್ತಾರೆ. ಕಾದಂಬರಿಯಲ್ಲಿ ಹಾಗಿರಬಹುದು. ದಿನದ ಧಾರಾವಾಹಿಯಲ್ಲಿ ಹಾಗಿರುವುದು ಕಡಿಮೆ. ಶುರುವಿನಲ್ಲಿ ಒಂದು ಕತೆ ಇರುತ್ತದೆ, ನಿಜ. ಅದು ನೂರು, ನೂರೈವತ್ತು ಸಂಚಿಕೆಗೆ ಸಾಕಾಗುತ್ತದೆ. ಧಾರಾವಾಹಿ ಓಡಿದರೆ ಎಂಟುನೂರು ಸಂಚಿಕೆಯೂ ಆಗುತ್ತದೆ. ಒಬ್ಬರು ಕತೆ ಹೇಳುತ್ತಾರೆ, ಇನ್ನೊಬ್ಬರು ಸೀನು ಸೀನಾಗಿ ಚಿತ್ರಕಥೆ ಮಾಡುತ್ತಾರೆ, ಮತ್ತೊಬ್ಬರು ಸಂಭಾಷಣೆ ಬರೆಯುತ್ತಾರೆ. ವಾಹಿನಿಯವರು ನೋಡಿ ಸರಿ ಅನ್ನಬೇಕು. ಇಷ್ಟೆಲ್ಲ ಆಗಿ ಶೂಟಿಂಗ್ ಮುಗಿದು ಕೈಯಲ್ಲಿ ಉಳಿಯುವುದು ಕೆಲವು ದಿನದ ಸಂಚಿಕೆ ಅಷ್ಟೇ. ನಟಿಗೆ ಜ್ವರ ಬಂದರೆ ಸೊಸೆ ತವರಿಗೆ ಹೋಗುತ್ತಾಳೆ. ಅತ್ತೆ ಪಾತ್ರದವರ ಡೇಟ್ಸ್ ಸಿಗದಿದ್ದರೆ ಅತ್ತೆ ಕಾಶಿಗೆ ಹೋಗುತ್ತಾರೆ. ಮನಸ್ಸಿನ ಉದ್ದೇಶ ಆಮೇಲೆ ಬಂದು ಸೇರಿಕೊಳ್ಳುತ್ತದೆ.

ಟಿಆರ್‌ಪಿ ವಿಷಯ. ಹೌದು, ಬದಲಾಯಿಸುತ್ತೇವೆ. ಆದರೆ ನೀವು ಅಂದುಕೊಂಡ ರೀತಿಯಲ್ಲಿ ಅಲ್ಲ. ನಿಮ್ಮ ಮನೆಯ ಟಿವಿ ನೋಡಿ ಯಾರೂ ಲೆಕ್ಕ ಹಾಕುತ್ತಿಲ್ಲ. ನಮ್ಮ ದೇಶದಲ್ಲಿ ಟಿವಿ ಇರುವ ಮನೆಗಳು 20 ಕೋಟಿಗೂ ಜಾಸ್ತಿ. ಬಾರ್ಕ್ ಎಂಬ ಸಂಸ್ಥೆ ಅದರಲ್ಲಿ 50 ಸಾವಿರಕ್ಕೂ ಹೆಚ್ಚು ಮನೆಗಳನ್ನು ಆರಿಸಿ ಮೀಟರು ಇಟ್ಟಿದೆ. ಯಾವ ಮನೆ ಎಂಬುದು ಗುಟ್ಟು. ಆ ಮನೆಯಲ್ಲಿ ಟಿವಿ ಮುಂದೆ ಕೂತವರು ತಮ್ಮ ತಮ್ಮ ಹೆಸರಿನ ಗುಂಡಿ ಒತ್ತಬೇಕು. ವಾಹಿನಿಯ ಧ್ವನಿಯಲ್ಲಿ ಕಿವಿಗೆ ಕೇಳದ ಒಂದು ಗುರುತು ಸೇರಿಸಿರುತ್ತಾರೆ, ಮೀಟರು ಅದನ್ನು ಹಿಡಿಯುತ್ತದೆ. ಗುರುವಾರ ವಾರದ ಅಂಕಿ ಬರುತ್ತದೆ. ಗುರುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಯಾರೂ ನನ್ನ ಹತ್ತಿರ ಮಾತಾಡುತ್ತಿರಲಿಲ್ಲ, ಅಷ್ಟು ಒತ್ತಡ ಇರುತ್ತಿತ್ತು.

ನನ್ನದೇ ಒಂದು ಪಾತ್ರದ ಕತೆ ಹೇಳುತ್ತೇನೆ. ಮನೆಗೆಲಸಕ್ಕೆ ಬಂದ ಒಬ್ಬ ಹೆಂಗಸು, ಕೊನೆಗೆ ಆ ಮನೆಯನ್ನೇ ಕಾಪಾಡುವವಳು. ಅವಳನ್ನು ನಾನು ಮನಸಾರೆ ಒಳ್ಳೆಯವಳು ಎಂದೇ ಬರೆದಿದ್ದೆ. ಯಜಮಾನರ ಪತ್ರವೊಂದನ್ನು ಅವಳು ಬಚ್ಚಿಡುವ ಸೀನಿತ್ತು, ಕಾರಣವೂ ಒಳ್ಳೆಯದೇ. ಮುಂದಿನ ವಾರಗಳಲ್ಲಿ ಅಂಕಿ ಇಳಿಯಿತು. ‘ಇವಳ ಮೇಲೆ ಸ್ವಲ್ಪ ಅನುಮಾನ ಬರೋ ಹಾಗೆ ಮಾಡಿ’ ಎಂದರು ವಾಹಿನಿಯವರು. ನಾನು ಹೊಸ ಸುಳ್ಳು ಬರೆಯಲಿಲ್ಲ. ಹಳೆಯ ಪತ್ರದ ಸೀನನ್ನೇ ಮತ್ತೆ ತೋರಿಸಿದೆವು. ಹಿಂದಿನ ಸಂಗೀತ ಮಾತ್ರ ಬದಲಾಯಿತು. ಅಷ್ಟಕ್ಕೇ ಜನ ‘ನಮಗೆ ಆವತ್ತೇ ಗೊತ್ತಿತ್ತು’ ಅನ್ನತೊಡಗಿದರು. ಅವಳು ಮಾಡಿದ್ದು ಅದೇ, ಬಚ್ಚಿಟ್ಟ ಪತ್ರವೂ ಅದೇ. ಆರು ತಿಂಗಳು ಮಗುವಿನ ಹಾಗೆ ಸಾಕಿದ ಪಾತ್ರ ಅದು. ಇವತ್ತಿಗೂ ನೆನೆದರೆ ಬೇಸರವಾಗುತ್ತದೆ.

ಈಗ ನಿಮ್ಮ ಕನ್ನಡಿ ನಗುವಿಗೆ ಬನ್ನಿ. ನೀವು ಅದನ್ನು ದೊಡ್ಡ ಸಾಕ್ಷಿ ಎಂದು ಹಿಡಿದಿದ್ದೀರಿ. ನಾನು ಅದನ್ನು ಬಹಳ ಚಿಕ್ಕ ಸಾಕ್ಷಿ ಎನ್ನುತ್ತೇನೆ. ಸಂಚಿಕೆಯ ಕೊನೆಯ ಸೀನು ಜನರನ್ನು ನಾಳೆಗೆ ಕರೆಯಬೇಕು, ಇದಕ್ಕೆ ನಾವು ಹುಕ್ ಎನ್ನುತ್ತೇವೆ. ನಿರ್ದೇಶಕರು ನಟಿಗೆ ‘ಸ್ವಲ್ಪ ನಗಿ, ಜಾಸ್ತಿ ಬೇಡ, ಯಾಕೆ ಅಂತ ಗೊತ್ತಾಗಬಾರದು’ ಎನ್ನುತ್ತಾರೆ. ಎರಡೂ ಕಡೆ ತಿರುಗಿಸಬಹುದಾದ ನಗು ಬೇಕು. ಮುಂದೆ ಅವಳನ್ನು ಕೆಟ್ಟವಳು ಮಾಡಿದರೆ ಅದು ಮೋಸದ ನಗು. ಒಳ್ಳೆಯವಳು ಮಾಡಿದರೆ ‘ಅಬ್ಬಾ, ಸಾಲ ತೀರಿತು’ ಎಂಬ ನಗು. ನಿಮಗೆ ಮೋಸದ ಹಾಗೆ, ಅಕ್ಕನಿಗೆ ನೆಮ್ಮದಿಯ ಹಾಗೆ ಕಂಡಿತಲ್ಲ, ಹಾಗೆ ಕಾಣಲಿ ಅಂತಲೇ ತೆಗೆದಿದ್ದು.

ಹಾಗಾದರೆ ಯಾವುದನ್ನು ನಂಬಬೇಕು? ಬೇರೆಯವರ ಕತೆ ನೋಡುವಾಗ ನಾನು ಹುಡುಕುವುದು ಪಾತ್ರ ಒಬ್ಬಳೇ ಇರುವಾಗಿನ ಕೆಲಸ. ಮುಖ ಬೇಡ, ಕೆಲಸ ನೋಡಿ. ಎದುರಿಗೆ ಯಾರೂ ಇಲ್ಲದಾಗ ಮಾಡಿದ ಕೆಲಸಕ್ಕೆ ಬೇರೆ ಅರ್ಥ ಹಚ್ಚುವುದು ಬರೆಯುವವರಿಗೂ ಕಷ್ಟ. ಬಳೆ ಗಿರವಿ ಇಟ್ಟ ದುಡ್ಡು ಎಲ್ಲಿಗೆ ಹೋಯಿತು? ಸಾಲ ಕೊಟ್ಟವನಿಗೆ ತೀರಿಸಿದ್ದನ್ನು ತೋರಿಸಿದ್ದಾರಾ, ಅಥವಾ ಕೊಟ್ಟೆ ಎಂದು ಅವಳು ಬಾಯಲ್ಲಿ ಹೇಳಿದಳಾ? ತೋರಿಸಿದ್ದರೆ ಅಕ್ಕನ ಮಾತಿಗೆ ತೂಕ ಜಾಸ್ತಿ. ಬರೀ ಬಾಯಿ ಮಾತಾದರೆ ನಿಮ್ಮ ಅನುಮಾನಕ್ಕೆ ಜಾಗ ಇದೆ. ಇನ್ನೊಂದು, ಆ ಸುಳ್ಳಿನಿಂದ ಯಾರಿಗೆ ನಷ್ಟವಾಯಿತು ನೋಡಿ. ‘ಲಾಕರಿನಲ್ಲಿವೆ’ ಎಂಬ ಸುಳ್ಳಿನಿಂದ ಇಲ್ಲಿಯವರೆಗೆ ನಿದ್ದೆಗೆಟ್ಟವಳು ಅವಳೇ. ಸಹಿ ಹಾಗಲ್ಲ. ಓದಿ ಹೇಳದೆ ಅತ್ತೆಯಿಂದ ಸಹಿ ಹಾಕಿಸಿಕೊಂಡಿದ್ದರೆ, ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ ಅದು ತಪ್ಪು. ಅಲ್ಲಿ ನಾನು ಪೂರ್ತಿ ನಿಮ್ಮ ಕಡೆ.

ನೀವು ಬರೆದಷ್ಟನ್ನೇ ಹಿಡಿದು ನನ್ನ ಅಭಿಪ್ರಾಯ ಹೇಳಬೇಕೆಂದರೆ, ಅವಳು ಸುಳ್ಳು ಹೇಳಿದ್ದಾಳೆ, ಆದರೆ ಕೆಟ್ಟವಳು ಎನ್ನಲು ಇನ್ನೂ ಆಧಾರ ಸಿಕ್ಕಿಲ್ಲ. ಮುಂದಿನ ತಿಂಗಳು ಅವರು ಇದನ್ನು ತಿರುಗಿಸಿದರೆ ನನ್ನ ಮಾತೂ ತಿರುಗುತ್ತದೆ.

‘ನಮಗೇನಾಗಿದೆ’ ಎಂದು ಕೇಳಿದ್ದೀರಿ. ಏನೂ ಆಗಿಲ್ಲ. 1944ರಲ್ಲಿ ಹೈಡರ್, ಸಿಮೆಲ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪುಟ್ಟ ಚಿತ್ರ ಮಾಡಿ ಜನರಿಗೆ ತೋರಿಸಿದರು. ಅದರಲ್ಲಿ ಇದ್ದಿದ್ದು ಎರಡು ತ್ರಿಕೋನ, ಒಂದು ಚಿಕ್ಕ ವೃತ್ತ, ಒಂದು ಕಡೆ ಬಾಗಿಲಿನ ಹಾಗೆ ತೆರೆಯುವ ಒಂದು ಆಯತ. ಅವು ಸುಮ್ನೆ ಆ ಕಡೆ ಈ ಕಡೆ ಓಡಾಡುತ್ತವೆ, ಅಷ್ಟೇ. ನೋಡಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಅದರಲ್ಲಿ ಕತೆ ಕಂಡರು. ದೊಡ್ಡ ತ್ರಿಕೋನ ಜಗಳಗಂಟ, ವೃತ್ತಕ್ಕೆ ಹೆದರಿಕೆ, ಹೀಗೆ. ಗೆರೆಗಳಿಗೇ ಮನಸ್ಸು ಕೊಡುವವರು ನಾವು. ಎರಡು ವರ್ಷ ದಿನಾ ರಾತ್ರಿ ಮನೆಗೆ ಬಂದು, ನಮ್ಮ ಮುಂದೆಯೇ ಅಳುವ ಹೆಂಗಸಿಗೆ ಕೊಡದೆ ಇರುತ್ತೇವಾ? ಟಿವಿಯಲ್ಲಿ ಕಾಣುವವರ ಜೊತೆ ನೋಡುವವರಿಗೆ ನಿಜವಾದ ಪರಿಚಯದಂಥ ನಂಟು ಬೆಳೆಯುತ್ತದೆ ಎಂದು ಹಾರ್ಟನ್, ವೋಲ್ ಎಂಬ ಇಬ್ಬರು 1956ರಲ್ಲೇ ಬರೆದಿದ್ದಾರೆ. ಆಗ ಟಿವಿಗೇ ಇನ್ನೂ ಎಳೆ ವಯಸ್ಸು.

ನಮ್ಮ ದಾವಣಗೆರೆಗೆ ಇದು ಹೊಸದೂ ಅಲ್ಲ. ಚಿಂದೋಡಿ ಮನೆತನದ ಕಂಪನಿ ನಾಟಕಗಳ ಊರು ಇದು. ನನ್ನ ಅಜ್ಜಿ ದುಗ್ಗಮ್ಮನ ಜಾತ್ರೆಗೆ ಹೋದರೆ ನಾಟಕ ನೋಡದೆ ಬರುತ್ತಿರಲಿಲ್ಲ. ಖಳನಾಯಕ ರಂಗದ ಮೇಲೆ ಬಂದರೆ ಹೆಂಗಸರ ಸಾಲಿನಿಂದ ಶಾಪ ಕೇಳುತ್ತಿತ್ತಂತೆ. ಮಂಡಕ್ಕಿ ಮಿರ್ಚಿ ತಿನ್ನುತ್ತಾ ಮನೆಗೆ ಬರುವವರೆಗೂ ‘ಅವನು ಮಾಡಿದ್ದು ಸರಿಯೇನೇ’ ಎಂದು ಅಜ್ಜಿ, ಚಿಕ್ಕಜ್ಜಿ ವಾದ ಮಾಡುತ್ತಿದ್ದರಂತೆ. ಅವರಿಬ್ಬರೂ ಮುಖಕ್ಕೆ ಹಚ್ಚಿದ ಬಣ್ಣ ಯಾವುದು, ನಿಜ ಯಾವುದು ತಿಳಿಯದವರಲ್ಲ. ಓದಿದವರು ಹೀಗೆ ಮಾಡಬಾರದು ಎಂದು ನೀವು ನಾಚಿಕೆ ಪಡುವುದೂ ಬೇಡ.

ಕತೆಯಲ್ಲಿನ ಒಬ್ಬರ ನಿಯತ್ತಿನ ಬಗ್ಗೆ ಜಗಳ ಆಡುವುದು ನಮಗೆ ಹಳೆಯ ಅಭ್ಯಾಸ. ಕರ್ಣ ದುರ್ಯೋಧನನ ಜೊತೆ ನಿಂತಿದ್ದು ಋಣಕ್ಕೋ, ಹಟಕ್ಕೋ? ಹರಿಶ್ಚಂದ್ರ ಸತ್ಯ ಉಳಿಸಿಕೊಂಡ, ಹೆಂಡತಿ ಮಗನನ್ನು ಮಾರಿದ. ವಿಭೀಷಣ ಧರ್ಮ ಹಿಡಿದನಾ, ಒಡಹುಟ್ಟಿದವನ ಕೈ ಬಿಟ್ಟನಾ? ಚಿತ್ರದುರ್ಗದಲ್ಲಿರುವ ನಿಮ್ಮ ಅಕ್ಕನಿಗೆ ಹತ್ತಿರದ ಉದಾಹರಣೆಯೇ ಇದೆ. ಅವರ ಊರಿನ ಕೋಟೆಯಲ್ಲೇ ತೆಗೆದ ‘ನಾಗರಹಾವು’ 1972ರದು. ಚಾಮಯ್ಯ ಮೇಷ್ಟ್ರು ರಾಮಾಚಾರಿಯಿಂದ ಅಲಮೇಲುವನ್ನು ಬಿಡಿಸಿದ್ದು ಸರಿಯಾ ಎಂದು ಕೇಳಿ ನೋಡಿ, ಇವತ್ತಿಗೂ ಮನೆ ಎರಡಾಗುತ್ತದೆ. ಮೇಷ್ಟ್ರ ಪ್ರೀತಿ ಸುಳ್ಳಲ್ಲ. ಆದರೆ ಹುಡುಗನ ಬಾಳು ಹಾಳಾಯಿತು. ಆದರೆ ಆ ಕತೆ ಮುಗಿದಿದೆ. ಮೇಷ್ಟ್ರು ಇನ್ನು ಬದಲಾಗುವುದಿಲ್ಲ. ವಾದ ಮಾಡಲಿಕ್ಕೆ ಕಾಲಿನ ಕೆಳಗೆ ನೆಲ ಇದೆ. ನಿಮ್ಮ ದೊಡ್ಡ ಸೊಸೆಯ ವಿಷಯದಲ್ಲಿ ಆ ನೆಲವೇ ಇಲ್ಲ. ಅದಕ್ಕೇ ಈ ಜಗಳ ತೀರುವುದಿಲ್ಲ.

ಇದರಲ್ಲಿ ಇನ್ನೊಂದು ತೊಡಕಿದೆ. ನೀವಿಬ್ಬರೂ ಜಗಳ ಆಡುತ್ತಿರುವುದು ಒಂದೇ ಪ್ರಶ್ನೆಗೆ ಅಲ್ಲ. ನೀವು ಕೇಳುತ್ತಿರುವುದು ‘ಅವಳು ಸುಳ್ಳು ಹೇಳಿದಳಾ’ ಎಂದು. ಅಕ್ಕ ಕೇಳುತ್ತಿರುವುದು ‘ಯಾರಿಗೋಸ್ಕರ ಹೇಳಿದಳು’ ಎಂದು. ಎರಡಕ್ಕೂ ಸರಿಯಾದ ಉತ್ತರ ಸಿಕ್ಕಿದರೂ ನೀವಿಬ್ಬರೂ ಒಪ್ಪುವುದಿಲ್ಲ.

ಈಗ ಅಮ್ಮನ ಸರ. ನಾನು ಆಪ್ತ ಸಮಾಲೋಚಕಿ ಅಲ್ಲ. ಆದರೆ ಸಂಭಾಷಣೆ ಬರೆಯುವವರಿಗೆ ಒಂದು ಅಭ್ಯಾಸ ಇರುತ್ತದೆ. ಜನ ಹೇಳಬೇಕಾದ್ದನ್ನು ಮಾತಿನ ಮಧ್ಯೆ ಒಂದು ಸಾಲಿನಲ್ಲಿ ತೂರಿಸಿ ಮುಂದೆ ಹೋಗುತ್ತಾರೆ, ಆ ಸಾಲನ್ನು ಹಿಡಿಯಬೇಕು. ನಿಮ್ಮ ಪತ್ರದಲ್ಲಿ ಧಾರಾವಾಹಿಯ ಬಗ್ಗೆ ಇಷ್ಟುದ್ದ ಇದೆ. ಸರದ ಬಗ್ಗೆ ಅರ್ಧ ಸಾಲು. ಏನಾಯಿತೋ ನನಗೆ ಗೊತ್ತಿಲ್ಲ. ಅಕ್ಕ ಏನನ್ನೋ ಮುಚ್ಚಿಟ್ಟಿದ್ದರು, ನಿಮಗೆ ಆಮೇಲೆ ತಿಳಿಯಿತು, ಆ ನೋವು ಇನ್ನೂ ಇದೆ ಎಂದು ಕಾಣುತ್ತದೆ. ಅದು ನಿಜವಾಗಿದ್ದರೆ, ನೀವು ‘ಆ ದೊಡ್ಡ ಸೊಸೆ ಮೋಸಗಾತಿ’ ಎಂದಾಗಲೆಲ್ಲ ಅಕ್ಕನ ಕಿವಿಗೆ ಬೀಳುವುದು ತನ್ನ ಹೆಸರು. ಅವರು ‘ಅವಳು ಮನೆಗಾಗಿ ಒದ್ದಾಡ್ತಿದ್ದಾಳೆ’ ಎನ್ನುವಾಗ ನಿಮಗೆ ಇಷ್ಟು ವರ್ಷ ಹೇಳಲಾಗದ ಸಮಜಾಯಿಷಿಯನ್ನೇ ಹೇಳುತ್ತಿರಬಹುದು.

ಏನು ಮಾಡಬಹುದು? ಧಾರಾವಾಹಿ ನೋಡುವುದನ್ನೇ ಬಿಡಬಹುದು. ತುಂಬಾ ಜನ ಇದನ್ನೇ ಹೇಳುತ್ತಾರೆ. ನನಗೆ ಇದು ಹಿಡಿಸುವುದಿಲ್ಲ. 60 ಕಿಲೋಮೀಟರ್ ದೂರದಲ್ಲಿರುವ ಇಬ್ಬರು ಅಕ್ಕತಂಗಿಯರು ದಿನಾ ಮಾತಾಡಲು ಇದ್ದ ಒಂದು ನೆವವೂ ಹೋಗುತ್ತದೆ, ಜಗಳ ಮಾತ್ರ ಉಳಿಯುತ್ತದೆ. ಕತೆಯೇ ತೀರ್ಪು ಕೊಡಲಿ ಎಂದು ಕಾಯಬಹುದು. ಅದರಲ್ಲಿ ಅಪಾಯ ಇನ್ನೂ ಜಾಸ್ತಿ. ಅಂಕಿ ಬಿದ್ದರೆ ಹದಿನೈದು ದಿನದಲ್ಲಿ ಧಾರಾವಾಹಿ ಮುಗಿಸಿಬಿಡುತ್ತಾರೆ. ಕೊನೆಯ ಸಂಚಿಕೆಯಲ್ಲಿ ಎಲ್ಲರೂ ಒಳ್ಳೆಯವರಾಗಿ ಒಟ್ಟಿಗೆ ಊಟಕ್ಕೆ ಕೂರುತ್ತಾರೆ. ತೀರ್ಪು ನಿಮ್ಮ ಪರ ಬಂದರೂ, ‘ನಾನು ಹೇಳಿರಲಿಲ್ವಾ’ ಎಂದು ಅಕ್ಕನಿಗೆ ಫೋನ್ ಮಾಡಿದರೆ ಏನಾಗುತ್ತದೆ ಎಂದು ಯೋಚಿಸಿ.

ವಾದವನ್ನು ಮುಂದುವರಿಸಿ, ಆದರೆ ವಾಟ್ಸಾಪ್ ಗುಂಪಿನಿಂದ ಹೊರಗೆ ತನ್ನಿ. ಹತ್ತು ಜನರ ಮುಂದೆ ಸೋಲಲು ಯಾರಿಗೂ ಮನಸ್ಸಿರುವುದಿಲ್ಲ. ಸರದ ವಿಷಯ ಮಾತಾಡುವುದು ಎಲ್ಲಕ್ಕಿಂತ ಕಷ್ಟ. ನನಗೆ ಅದೇ ಸರಿ ಎನಿಸುತ್ತದೆ. ಅದಕ್ಕೂ ಅಪಾಯ ಇದೆ. ಅಕ್ಕ ಹೇಳುವ ಕಾರಣ ನಿಮಗೆ ಸಮಾಧಾನ ತರದೆ ಹೋಗಬಹುದು, ಅಥವಾ ಇಷ್ಟು ವರ್ಷ ನೀವು ಅಂದುಕೊಂಡಿದ್ದೇ ತಪ್ಪು ಎಂದು ಗೊತ್ತಾಗಬಹುದು. ಎರಡಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿ. ‘ಯಾಕೆ ಮುಚ್ಚಿಟ್ಟೆ’ ಎಂದು ಶುರು ಮಾಡಬೇಡಿ. ‘ಆವಾಗ ನಿನಗೆ ಏನು ಕಷ್ಟ ಇತ್ತು’ ಎಂದು ಕೇಳಿ.

ಸೊಸೆಯ ವಿಷಯವೇ ನನಗೆ ಹೆಚ್ಚು ಅವಸರದ್ದು ಎನಿಸುತ್ತದೆ. ‘ಈ ಸೊಸೆಯಂದಿರೇ ಹೀಗೆ’ ಎಂಬ ಮಾತು ಟಿವಿ ಮುಂದೆ ಬಂದಿರಬೇಕು, ಅಲ್ವಾ? ನಿಮ್ಮ ಮನಸ್ಸಿನಲ್ಲಿ ಅವಳಿಲ್ಲ. ಆದರೆ ಗೋಡೆಯ ಆಚೆ ಕೂತವಳಿಗೆ ಅದು ಹೇಗೆ ಗೊತ್ತಾಗಬೇಕು? ಧಾರಾವಾಹಿಯಲ್ಲಿ ನಮಗೆ ಎಲ್ಲ ಸಿಗುತ್ತದೆ. ಮನಸ್ಸಿನ ಮಾತು ಧ್ವನಿಯಾಗಿ ಕೇಳುತ್ತದೆ, ಸಂಗೀತ ಎಚ್ಚರಿಸುತ್ತದೆ, ಕ್ಯಾಮೆರಾ ಕಣ್ಣಿನ ಹತ್ತಿರಕ್ಕೇ ಹೋಗುತ್ತದೆ. ಅಷ್ಟಾದರೂ ನೀವು, ಅಕ್ಕ ಒಪ್ಪಲಾಗಲಿಲ್ಲ. ಮನೆಯಲ್ಲಿ ಇದ್ಯಾವುದೂ ಇಲ್ಲ. ಎದುರಿಗಿರುವವರು ಸುಳ್ಳು ಹೇಳುತ್ತಿದ್ದಾರಾ ಎಂದು ನೋಡಿ, ಮಾತು ಕೇಳಿ ಹೇಳುವ ಬಗ್ಗೆ ಇನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಬಾಂಡ್, ಡಿಪಾಲೊ ಎಂಬ ಇಬ್ಬರು 2006ರಲ್ಲಿ ಒಟ್ಟು ಸೇರಿಸಿ ನೋಡಿದರು. ಜನ ಸರಿಯಾಗಿ ಹೇಳಿದ್ದು ನೂರಕ್ಕೆ 54 ಸಲ. ನಾಣ್ಯ ಚಿಮ್ಮಿದರೂ 50 ಸಿಗುತ್ತದೆ. ಎರಡು ವರ್ಷ ಕನ್ನಡಿ ನಗು ಓದಿ ಅಭ್ಯಾಸವಾದ ಕಣ್ಣಿಗೆ, ಆಫೀಸಿನಿಂದ ಸುಸ್ತಾಗಿ ಬಂದ ಹುಡುಗಿಯ ಸಪ್ಪೆ ಮುಖದಲ್ಲೂ ಏನೋ ಗುಟ್ಟು ಕಾಣಬಹುದು.

ಅವಳನ್ನು ಕರೆದು ‘ನಿನಗೆ ಅಂದಿದ್ದಲ್ಲಮ್ಮ’ ಎಂದು ಮಾತ್ರ ಹೇಳಬೇಡಿ. ಹಾಗೆಂದರೆ ತನಗೇ ಅಂದಿದ್ದು ಎಂದು ಅವಳಿಗೆ ಖಾತ್ರಿಯಾಗುತ್ತದೆ. ‘ಸೊಸೆಯಂದಿರು ಅಂತ ಎಲ್ಲರನ್ನೂ ಸೇರಿಸಿ ಮಾತಾಡಿದೆ, ತಪ್ಪಾಯ್ತು’ ಎನ್ನಿ. ಸಾಕು. ಅವಳು ಏನೂ ಹೇಳದೆ ಎದ್ದು ಹೋದರೂ ಬೇಸರ ಮಾಡಿಕೊಳ್ಳಬೇಡಿ. ಅವಳನ್ನೂ ಟಿವಿ ಮುಂದೆ ಕೂರಿಸಿ ‘ನೀನೇ ಹೇಳು, ಅವಳು ಮಾಡಿದ್ದು ಸರಿಯಾ’ ಎಂದು ಕೇಳುವ ಆಸೆ ಬರಬಹುದು. ಈಗಲೇ ಬೇಡ. ಅವಳಿಗೆ ಅದು ಪರೀಕ್ಷೆಯ ಹಾಗಿರುತ್ತದೆ.

ಪಕ್ಕದ ಮನೆಯ ಹುಡುಗಿಗೆ ಒಂದು ಮಾತು ತಿಳಿಸಿ. ಆ ನಟಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಬೇರೆಯವರು ಬರೆದ ಮಾತನ್ನು, ಮರೆಯಿಂದ ಒಬ್ಬರು ಓದಿ ಹೇಳುವ ಪ್ರಾಂಪ್ಟಿಂಗ್ ಕೇಳಿಸಿಕೊಂಡು ಹೇಳುತ್ತಾರೆ. ಸಹಿ ಹಾಕಿಸಿಕೊಳ್ಳಲು ಅವರು ತೀರ್ಮಾನಿಸಿದ್ದಲ್ಲ. ನನ್ನ ಆ ಮನೆಗೆಲಸದ ಪಾತ್ರ ಮಾಡಿದ ನಟಿಯನ್ನು ದೇವಸ್ಥಾನದ ಸಾಲಿನಲ್ಲಿ ಯಾರೋ ‘ನಿನಗೆ ಒಳ್ಳೇದಾಗಲ್ಲ’ ಎಂದುಬಿಟ್ಟರು. ಜೊತೆಯಲ್ಲಿ ಅವರ ತಾಯಿ ಇದ್ದರು. ಮರುದಿನ ಸೆಟ್ಟಿಗೆ ಬಂದಾಗ ಅವರು ಯಾರಿಗೂ ಏನೂ ಹೇಳಲಿಲ್ಲ, ನನಗೆ ಬೇರೆಯವರಿಂದ ತಿಳಿಯಿತು. ಬರೆದವಳು ನಾನು, ಮಾತು ಕೇಳಿದವರು ಅವರು. ಸಿಟ್ಟಿದ್ದರೆ ವಾಹಿನಿಗೆ ಬರೆಯಲಿ, ಕತೆ ಹಿಡಿಸಲಿಲ್ಲ ಎಂದು ಎಷ್ಟು ಖಾರವಾಗಿ ಬೇಕಾದರೂ ಬರೆಯಲಿ. ನಾವು ಓದುತ್ತಿದ್ದೆವು. ಆ ಮೆಸೇಜನ್ನು ಅವಳು ಅಳಿಸಿದರೆ ಒಳ್ಳೆಯದು.

ದುರ್ಗಕ್ಕೆ ಹೋಗುವುದಾದರೆ ಧಾರಾವಾಹಿ ಇರುವ ದಿನ ಬೆಳಿಗ್ಗೆಯ ಬಸ್ಸಿಗೇ ಹೋಗಿ. ರಾತ್ರಿ ಎಂಟರ ಹೊತ್ತಿಗೆ ಸರದ ಮಾತು ಮುಗಿದಿರಲಿ. ಆಮೇಲೆ ಇಬ್ಬರೂ ಒಟ್ಟಿಗೆ ಕೂತು ನೋಡಿ, ಬಳೆಯ ದುಡ್ಡು ಎಲ್ಲಿಗೆ ಹೋಯಿತು ಎಂದು ತೋರಿಸಿದ್ದಾರಾ ಎಂದು ಅಕ್ಕನನ್ನೇ ಕೇಳಿ. ಅವರಿಗೆ ನೆನಪಿರುತ್ತದೆ.